ಒಂದು ಹಿಡಿ ಹಿಂದಕ್ಕ

ಮಾಧುರಿ ಹೊಟ್ಟಿಗೆ ಸೂಜಿ ಚುಚ್ಚೂ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮರಾಠಿ ಸೀಮಿ ಪಿಂಪ್ರಿಯೊಳಗ ಜ್ವಾಳದ ರೊಟ್ಟಿ ಬಡದು ಮಾರಾಕಿ. ಆದ್ರ ಆಕೀ ಗಂಡ ಮಾಂತು ಸೂಜಿ ಹಿಡದ್ರ ಸಾಕು, ಕೈ ಗಡಗಡ ನಡಗ್ತಿತ್ತು. ಕಾರಖಾನ್ಯಾಗ ಆನಿಯಂಥಾ ಪ್ರೆಸ್ ಮಶೀನ್ ನಡಸೂ ಗಂಡಸು, ಹೆಂಡತಿ ಹೊಟ್ಟಿ ಮುಂದ ಕುಂತು ಬೆವರ್ತಿದ್ದ. "ಸರಿಯೋ ಅತ್ಲಾಗ" ಅಂತ ಬೈದು ನಾನೇ ಸೂಜಿ ಕಸಗೊಂಡೆ.

ಹೊಕ್ಕಳದ ಮಗ್ಗಲಕ್ಕ ಚರ್ಮ ಚಿವುಟಿ ಹಿಡೀಬೇಕು. ಸೂಜಿ ಒಳಗ ಬಿಟ್ಟು ಔಷಧ ಸಾವಕಾಶ ಇಳಸಬೇಕು. ಇವತ್ತ ಎಡಕ್ಕಾದ್ರ ನಾಳೆ ಬಲಕ್ಕ. ಚುಚ್ಚಿದ ಜಾಗಾ ಎಲ್ಲಾ ನೀಲಿಗಟ್ಟಿ ಹೋಗಿತ್ತು. ಮಾಧುರಿ ಹಲ್ಲು ಕಚ್ಚಿ, ಮ್ಯಾಲ ಮಾಡಿನ ತಗಡು ನೋಡ್ಕೋತ ಮಲಗ್ತಿದ್ಲು.

"ಉರೀತದೇನ ಯವ್ವಾ?"

"ಇಲ್ಲ ಚಿಗವ್ವಾ."

ಸುಳ್ಳಿ! ಕಣ್ಣಾಗಿನ ನೀರು ನನಗ ಕಾಣ್ತಿರಲಿಲ್ಲೇನು?

ಆಕೀಗೆ ನಾ ಖರೇ ಚಿಗವ್ವ ಅಲ್ಲ. ಬೈಲಹೊಂಗಲ ಸೀಮಿಯವರು ಇಬ್ರೂ, ಒಂದೇ ಚಾಳಿನಾಗ ಬಾಡಗಿ ಇರೋರು, ಅಷ್ಟ. ಔಷಧ ಥಂಡ್ಯಾಗ ಇಡಬೇಕಿತ್ತು. ಅವರ ಖೋಲ್ಯಾಗ ಫ್ರಿಜ್ ಎಲ್ಲಿಂದ ಬರಬೇಕು? ನನ್ನ ಫ್ರಿಜ್‌ನಾಗ ಮೊಸರಿನ ಡಬ್ಬಿ ಮಗ್ಗಲಕ್ಕ ಇಟ್ಟಿದ್ದೆ. ರೊಟ್ಟಿ ಒಯ್ಯಾಕ ಬಂದೋರು ಇಣಿಕಿ ನೋಡಿ, "ಸಕ್ಕರಿ ಬ್ಯಾನಿ ಬಂತೇನು ಬಸವಣ್ಣೆವ್ವಾ?" ಅಂತ ಕೇಳೋರು. "ಹೂಂ, ನಿಮ್ಮ ಚೌಕಾಶಿ ಕೇಳಿ ಕೇಳಿ ಬಂತು" ಅಂತಿದ್ದೆ. ಖರೇ ಮಾತು ಯಾರ ಮುಂದೂ ಹೇಳಾಂಗಿರಲಿಲ್ಲ.

ಸೂಜಿ ಆದ ಮ್ಯಾಲ ಮಾಧುರಿ ಎದ್ದು, ಡಬ್ಬಿ ಕಟಗೊಂಡು, ಲೋಕಲ್ ರೈಲು ಹಿಡದು ತಳೇಗಾಂವಕ್ಕ ಹೋಗ್ತಿದ್ಲು. ಅಲ್ಲೆ ಮೋಟಾರಿನ ವಾಯರ್ ಜೋಡಿಸೂ ಕಾರಖಾನಿ. ಹಲಗಿ ಮ್ಯಾಲ ವಾಯರ್ ಹಾಯಿಸಿ, ಟೇಪ್ ಸುತ್ತಿ, ಮುಂದ ದೂಡಬೇಕು. ಕುಂಡ್ರಾಕ ಸ್ಟೂಲ್ ಇಲ್ಲ. ಗುತ್ತಿಗಿ ಹಿಡದ ಠೇಕೇದಾರನ ಕಡಿಂದ ಬಂದ ಹೆಣಮಕ್ಕಳು ದಿನಾಪೂರ್ತಿ ನಿಂತೇ ಕೆಲಸ ಮಾಡಬೇಕು. ಹೊಟ್ಟಿ ದಿನಾ ಒಂಚೂರು ಉಬ್ಬಲಿಕ್ಹತ್ತಿತ್ತು. ಆಕಿ ಅದರ ಮ್ಯಾಲ ಸೆರಗು ಸುತಗೊಂಡು ನಿಲ್ತಿದ್ಲು.

ಇಷ್ಟೆಲ್ಲಾ ಯಾಕ ಅಂತೀರಿ? ಒಂದು ಕೂಸಿನ ಸಲುವಾಗಿ.

ಮದವ್ಯಾಗಿ ಹತ್ತು ವರ್ಷ ದಾಟಿತ್ತು. ಮಾಂತು ಭಾಳ ಚಲೋ ಮನಶಾ, ಒಂದ ಮಾತು ಅಂದಾಂವಲ್ಲ. ಅನ್ನೋರು ಹೊರಗಿನವರು. ನಮ್ಮ ಚಾಳಿನ ಮುಂದಿನ ಓಣ್ಯಾಗ ಒಂದು ಬಸರಿ ಹುಡುಗೀ ಕುಬಸದ ಕಾರ್ಯ ಇತ್ತು. ಮಾಧುರಿ ಬೆಳಗಿನಿಂದ ಅಲ್ಲೇ ದುಡದಾಳ, ಹೋಳಿಗಿ ಬೇಯಿಸ್ಯಾಳ, ಭಾಂಡೆ ತಿಕ್ಕ್ಯಾಳ. ಉಡಿ ತುಂಬೂ ಹೊತ್ತಿನಾಗ ಅಕ್ಕಿ ತಾಟು ತೊಗೊಂಡು ಮುಂದ ಬಂದ್ಲು. ಆ ಹುಡುಗೀ ಅತ್ತಿ ತಾಟು ಮೆಲ್ಲಕ ಇಸಗೊಂಡು, "ನೀ ಕುಂಡ್ರವಾ, ದಣದೀದಿ. ಬ್ಯಾರೆಯವ್ರು ತುಂಬ್ತಾರ" ಅಂದ್ಲು. ದಣದೀದಿ ಅಂತ! ಭಾಂಡೆ ತಿಕ್ಕೂವಾಗ ದಣದಿರಲಿಲ್ಲೇನು? ನಾ ಎದ್ದು ಮಾತಾಡಾಕ ಹೋದ್ರ ಮಾಧುರಿ ನನ್ನ ಕೈ ಜಗ್ಗಿ ಕುಂಡ್ರಿಸಿದ್ಲು. ಆವತ್ತಿನಿಂದ ಆಕಿ ಯಾರ ಕಾರ್ಯಕ್ಕೂ ಹೋಗೂದು ಬಿಟ್ಲು.

ಈ ಸೂಜಿ ಕೊಟ್ಟ ದವಾಖಾನಿ ದಾರಿ ತೋರಿಸಿದವರು ಇಂದೂಬಾಯಿ. ಸದಾಶಿವ ಪೇಠದಾಗ ಇರ್ತಾರ, ಧಾರವಾಡದ ಮಂದಿ. ವಾರಕ್ಕೊಮ್ಮೆ ನಾ ಅವರ ಮನಿಗೆ ಕಡಕ ರೊಟ್ಟಿ, ಶೇಂಗಾ ಚಟ್ನಿ ಒಯ್ದು ಕೊಡ್ತಿದ್ದೆ. ಅವರ ಮಗಳು ಹಿಂಜವಡಿ ಕಡೆ ದೊಡ್ಡ ಕಂಪನ್ಯಾಗ ಇದ್ದಾಳ, ಮದವಿ ಇನ್ನಾ ಬ್ಯಾಡ ಅಂತಾಳ. ಒಂದಿನಾ ಚಹಾ ಕುಡಿಯೂ ಮುಂದ ಬಾಯಾರು ಹೇಳಿದ್ರು: "ನಮ್ಮ ಹುಡುಗಿ ತನ್ನ ಬೀಜ ತಗಿಸಿ ದವಾಖಾನ್ಯಾಗ ಇಟ್ಟಾಳ ನೋಡು."

ನನಗ ನಗು ಬಂತು. "ಬೀಜ ಅಂದ್ರ? ಹತ್ತಿ ಬೀಜೇನ್ರಿ?"

"ನಗಬ್ಯಾಡ. ಹೆಂಗಸರ ಹೊಟ್ಟ್ಯಾಗ ಕೂಸು ಆಗೂ ಬೀಜ ಇರ್ತಾವಲ್ಲ, ತಿಂಗಳಿಗೊಂದು ಬಿಡ್ತಾವ. ವಯಸ್ಸು ಆದಂಗ ಅವು ಕಡಿಮಿ ಆಗ್ತಾವ, ಕಸುವೂ ಹೋಗ್ತದ. ಅದಕ್ಕ ಎಳೇ ವಯಸ್ಸಿನ್ಯಾಗ ಸೂಜಿ ಕೊಟ್ಟು ಒಮ್ಮೆಲೇ ಭಾಳ ಬೆಳಸ್ತಾರ. ಹೊರಗ ತಗದು, ಭಾಳ ಥಂಡ್ಯಾಗ ಹೆಪ್ಪುಗಟ್ಟಿಸಿ ಇಡ್ತಾರ. ಮುಂದ ಎಂದ ಬೇಕೋ ಅಂದ ತಗದು, ಗಂಡನ ಬೀಜದ ಕೂಡ ಸೇರಿಸಿ, ಗರ್ಭಕ್ಕ ಬಿಡ್ತಾರ. ಖಾತ್ರಿ ಅಂತೇನಿಲ್ಲ ಮತ್ತ. ಆದ್ರ ಒಂದು ದಾರಿ ತೆರದಿಟ್ಟಂಗ."

"ಅಷ್ಟು ದಿನಾ ಇಡಾಕ ಸುಮ್ನ ಬಿಡ್ತಾರೇನ್ರಿ?"

"ಸುಮ್ನ ಯಾಕ ಬಿಡ್ತಾರ? ವರ್ಷಾ ಬಾಡಗಿ ಕಟ್ಟಬೇಕು. ಆಕೀ ಕಂಪನಿ ಅರ್ಧ ಕೊಡ್ತದ."

ನಾ ಮಾಧುರಿ ಸುದ್ದಿ ತಗದೆ. ಆಕೀಗೆ ಮೊದಲೇ ಒಬ್ಬ ಡಾಕ್ಟರ್ ಹೇಳಿದ್ದ, ಎರಡೂ ನಳಿ ಮುಚ್ಯಾವ, ಬೀಜ ಚಲೋ ಅದಾವ, ಆದ್ರ ಗರ್ಭಕ್ಕ ಬರೂ ದಾರಿ ಬಂದ್ ಆಗೇದ, ಹೊರಗ ತಗದು ಜೋಡಿಸಿದ್ರ ಮಾತ್ರ ಕೂಸು ಅಂತ. ಅದರ ಖರ್ಚು ಕೇಳಿ ಗಂಡ ಹೆಂಡತಿ ಅಲ್ಲಿಂದನ ಬಸ್ಸು ಹತ್ತಿ ಮನಿಗೆ ಬಂದಿದ್ರು. ಇಂದೂಬಾಯಾರು ಅಂದ್ರು: "ನಮ್ಮ ಹುಡುಗಿ ಇಟ್ಟಲ್ಲೇ ಒಮ್ಮೆ ಕರಕೊಂಡ ಹೋಗು. ಬಡವರಿಗೆ ಏನೋ ಸ್ಕೀಮ್ ಅದಂತ. ಅಲ್ಲೆ ಮಂಜರಿ ಅಂತ ಒಬ್ಬಾಕಿ ಇದ್ದಾಳ, ನಮ್ಮ ಕನ್ನಡದಾಕಿ."

ಚಿಂಚವಾಡದಾಗಿನ ಆ ದವಾಖಾನಿ ಒಳಗ ಕಾಲಿಟ್ರ ಕಾಲ ಜಾರಬೇಕು, ಅಷ್ಟು ನುಣುಪು ನೆಲಾ. ಗ್ವಾಡಿ ತುಂಬ ನಗೂ ಕೂಸುಗಳ ಫೋಟೋ. ಮಾಧುರಿ ಕಣ್ಣು ಎಲ್ಲೂ ನಿಲ್ಲವಲ್ಲದಾಗಿತ್ತು. ಮಂಜರಿ ಬಂದ್ಲು, ತೆಳ್ಳನ ಹುಡುಗಿ, ಕಾಟನ್ ಸೀರಿ, ಕೊರಳಾಗ ಬಿಲ್ಲೆ. ಬಂದವರಿಗೆ ತಿಳಿಸಿ ಹೇಳೂದೇ ಆಕೀ ನೌಕರಿ.

"ಯಾ ಊರ್ರೀ ಅಕ್ಕಾ ನಿಮ್ಮದು?"

"ಬೈಲಹೊಂಗಲ ಕಡೆರೀ."

"ಅಯ್ಯ! ನಮ್ಮ ಸ್ವಾದರತ್ತಿ ಊರು. ಬರ್ರಿ ಬರ್ರಿ, ಕುಂಡ್ರಿ. ನೀರು ಕುಡೀತೀರಿ?"

ದಿನಾಬೆಳಗಾದ್ರ ಮರಾಠಿ ಕೇಳೂ ಕಿವಿ ನಮ್ಮವು. ಲೋಕಲ್‌ನಾಗ ಮರಾಠಿ, ಸಂತ್ಯಾಗ ಮರಾಠಿ, ಕಾರಖಾನ್ಯಾಗ ಬೈಗಳೂ ಮರಾಠಿ. ಅಂಥಾದ್ರಾಗ ಇಂಥಾ ಚಕಚಕ ಜಾಗಾದಾಗ ಒಬ್ಬಾಕಿ "ಅಕ್ಕಾ" ಅಂದ್ರ ಏನಾಗಬ್ಯಾಡ? ಮಾಧುರಿ ಅಲ್ಲೇ ಕರಗಿ ಹೋದ್ಲು. ಮನಸಿನ್ಯಾಗಿಂದೆಲ್ಲಾ ಹೇಳಿಕೊಂಡ್ಲು, ಕುಬಸದ ದಿನದ್ದೂ ಹೇಳಿದ್ಲು. ಮಂಜರಿ ಕೈ ಹಿಡಕೊಂಡು ಕೇಳಿದ್ಲು. ಆಮ್ಯಾಲ ಮೆಲ್ಲಕ ಅಂದ್ಲು:

"ಅಕ್ಕಾ, ಉಡಿ ತುಂಬಿಸಿಕೊಂಡ ಮ್ಯಾಲ ನೀವು ಏನ್ ಮಾಡ್ತೀರಿ? ಉಡ್ಯಾಗಿನ ಅಕ್ಕಿ ಒಂದ ಹಿಡಿ ಹಿಂದಕ್ಕ ಹಾಕ್ತೀರಿ, ಹೌದಲ್ಲೋ?"

"ಹೌದ್ರಿ. ಎಲ್ಲಾ ಒಯ್ಯಬಾರದು. ಕೊಟ್ಟವರ ಮನೀನೂ ತುಂಬಿರಬೇಕು."

"ಇದೂ ಹಂಗ ನೋಡ್ರಿ. ದೇವ್ರು ನಿಮಗ ಬೀಜ ಉಡಿ ತುಂಬಿ ಕೊಟ್ಟಾನ. ನಿಮಗ ಇಲ್ಲದ್ದು ದಾರಿ ಒಂದ. ಬೀಜಾನೇ ಇಲ್ಲದ ಹೆಣಮಕ್ಕಳು ಭಾಳ ಮಂದಿ ಇಲ್ಲೆ ಬಂದು ಅಳ್ತಾರ. ನಿಮ್ಮ ಉಡ್ಯಾಗಿಂದ ಒಂದ ಹಿಡಿ ಅವರಿಗೆ ಹಾಕ್ರಿ. ಉಳದದ್ದೆಲ್ಲಾ ನಿಮ್ಮದು. ನಿಮ್ಮ ಕೂಸಿನ ಖರ್ಚು ನಮ್ಮ ಡಾಕ್ಟರ್ ಮೇಡಂ ನೋಡ್ಕೋತಾರ. ಸೂಜಿ, ಆಪರೇಶನ್, ಎಲ್ಲಾ."

ಮಾಧುರಿ ಮಾರಿ ನೋಡಬೇಕಿತ್ತು ನೀವು. ಹತ್ತು ವರ್ಷದಾಗ ಆಕೀ ಕಡೆ ಯಾರೂ ಕೈ ಚಾಚಿರಲಿಲ್ಲ. ಬಂಜಿ ಕಡೆ ಏನು ಬೇಡ್ತಾರ? ಇವತ್ತ ಒಬ್ಬಾಕಿ, ಓದಿದಾಕಿ, "ನೀ ತುಂಬಿದಾಕಿ, ಒಂದ ಹಿಡಿ ಕೊಡು" ಅಂತಾಳ. ರೊಕ್ಕ ಉಳೀತದ ಅನ್ನೂದಕ್ಕಿಂತ ಆ ಮಾತಿಗೆ ಸೋತ್ಲು ಆಕಿ. "ಕೊಡ್ತೀನ್ರಿ, ಯಾಕ ಕೊಡಬಾರದು?" ಅಂತ ಕಣ್ಣೊರಿಸಿಕೊಂಡ್ಲು. ಮಾಂತೂನೂ ಹೂಂ ಅಂದ. ತೋರಿಸಿದಲ್ಲೆ ಸಹಿ ಮಾಡಿದ್ರು.

ಹಂಗ ಸುರು ಆಗಿದ್ದು ಈ ಸೂಜಿ.

ಬೀಜ ತಗದ ದಿನಾ ನಾನೂ ಕೂಡ ಹೋಗಿದ್ದೆ. ಮೈಮರೆವಿನ ಔಷಧ ಕೊಟ್ಟು ಒಳಗ ಒಯ್ದು, ಸ್ವಲ್ಪ ಹೊತ್ತಿನ ಮ್ಯಾಲ ಹೊರಗ ತಂದು ಮಲಗಿಸಿದ್ರು. ಬಾಜೂ ಖಾಟಿನ ಮ್ಯಾಲ ಒಬ್ಬ ಶ್ರೀಮಂತರ ಹೆಣಮಗಳಿದ್ಲು. ಆಕೀಗೆ ಇನ್ನಾ ಕಣ್ಣು ಸರಿ ಬಿಟ್ಟಿಲ್ಲ, ಮೊದಲನೇ ಮಾತೇ, "ಸಿಸ್ಟರ್, ಕಿತೀ ನಿಘಾಲೀ?" ಎಷ್ಟು ಬಂದ್ವು ಅಂತ. ನರ್ಸು ಲೆಕ್ಕ ಹೇಳಿದ್ಲು. ಆಕೀ ಗಂಡ ಮತ್ತೊಮ್ಮೆ ಕೇಳಿ ಮೊಬೈಲಿನ್ಯಾಗ ಬರಕೊಂಡ.

ನಾನೂ ಮಂಜರಿನ್ನ ಕೇಳಿದೆ. "ನಮ್ಮ ಹುಡುಗೀವು ಎಷ್ಟು ಬಂದ್ವು ತಂಗಿ?"

ಆಕಿ ನಕ್ಕಳು. "ಉಡ್ಯಾಗಿನ ಅಕ್ಕಿ ಎಣಿಸ್ತಾರೇನ್ರಿ ಅತ್ತಿ? ಭಾಳ ಬಂದಾವ. ದೃಷ್ಟಿ ಆದೀತು."

ಮಾಧುರಿ ಮಲಗಿದಲ್ಲಿಂದನ ನನ್ನ ಸೆರಗು ಜಗ್ಗಿದ್ಲು. "ಸುಮ್ಮನಿರ ಚಿಗವ್ವಾ, ಏನಂದುಕೊಂಡಾರು."

ಸುಮ್ಮನಾದ್ವಿ. ನಮ್ಮಂದಿ ಹಿಂಗ ನೋಡ್ರಿ. ಉಡಿ ತುಂಬಿದ ಮನ್ಯಾಗ ಕುಂತು ಎಣಿಸಿದ್ರ ಕೊಟ್ಟವರಿಗೆ ಮಾರಿ ಮ್ಯಾಲ ಹೊಡದಂಗ. ಬಾಜೂದಾಕೀಗೆ ಉಡಿ ಗೊತ್ತಿರಲಿಲ್ಲ, ಆಕಿ ಎಣಿಸಿಕೊಂಡ್ಲು. ನಮಗ ಗೊತ್ತಿತ್ತು, ನಾವು ಮುಳಗಿದ್ವಿ.

ಮನಿಗೆ ಬಂದ ಮ್ಯಾಲ ಮಾಧುರಿ ಹೊಟ್ಟಿ ಇಳೀಬೇಕಿತ್ತು, ಇಳೀಲಿಲ್ಲ. ದಿನದಿಂದ ದಿನಕ್ಕ ಉಬ್ಬಿತು. ಉಸಿರಾಡಾಕ ಬರವಲ್ದು, ಮಲಗಾಕ ಬರವಲ್ದು, ಒಂದ ತುತ್ತು ಉಂಡ್ರ ವಾಂತಿ. ಮಾಂತು ಮಂಜರಿಗೆ ಫೋನ್ ಹಚ್ಚಿದ್ರ, "ಬೀಜ ಭಾಳ ಬೆಳದಾಗ ಹಿಂಗಾಗ್ತದ್ರಿ, ಎಳನೀರು ಕುಡಿಸ್ರಿ" ಅಂತ. ಕಡೀಕೆ ತುಟಿ ಒಣಗಿ, ಮೂತ್ರ ನಿಂತು, ದವಾಖಾನಿಗೆ ಎತಗೊಂಡೇ ಒಯ್ಯಬೇಕಾತು. ಹೊಟ್ಟ್ಯಾಗ ನೀರು ತುಂಬಿತ್ತಂತ. ಸೂಜಿ ಹಾಕಿ ನೀರು ತಗದ್ರು. ಆಗ ಡಾಕ್ಟರ್ ಬಾಯಿ ಹೇಳಿದ್ಲು, ಇಂಥಾ ಹೊಟ್ಟ್ಯಾಗ ಈಗ ಕೂಸು ಬಿಡಾಕ ಬರೂದಿಲ್ಲ, ನಿಮ್ಮ ಇಬ್ಬರ ಬೀಜ ಜೋಡಿಸಿದ್ದನ್ನ ಹೆಪ್ಪುಗಟ್ಟಿಸಿ ಇಡ್ತೀವಿ, ಮೈ ಸುಧಾರಿಸಿದ ಮ್ಯಾಲ ಬರ್ರಿ ಅಂತ.

ಅಷ್ಟರಾಗ ಕಾರಖಾನ್ಯಾಗ ಆಕೀ ಜಾಗಾ ಹೋತು. ದತ್ತು ಅನ್ನೂ ಸುಪರವೈಜರ್ ಫೋನಿನ್ಯಾಗ "ಆರಾಮ್ ಮಾಡು, ಜಾಗಾ ಬ್ಯಾರೇದಾಕೀಗೆ ಕೊಟ್ಟೀವಿ" ಅಂದ. ನಾಕು ವರ್ಷ ನಿಂತು ದುಡದದ್ದು ಒಂದ ಫೋನಿನ್ಯಾಗ ಮುಗೀತು.

ಆದ್ರೂ ಮಾಧುರಿ ಖುಷಿಲೇ ಇದ್ಲು, ಏನ ಹೇಳಲಿ! ನನ್ನ ಕೂಡ ರೊಟ್ಟಿ ಬಡಿಯಾಕ ಕುಂಡ್ರಲಿಕ್ಹತ್ತಿದ್ಲು. ಚಾಳಿನಾಗ ಕರೆಂಟ್ ಹೋದ್ರ ಸಾಕು, ಕೈ ಹಿಟ್ಟಿನ್ಯಾಗ ನಿಂತು ಬಿಡ್ತಿತ್ತು. "ಚಿಗವ್ವಾ, ದವಾಖಾನ್ಯಾಗೂ ಹೋಗಿರ್ತದೇನು?" ಮಂಜರಿಗೆ ಫೋನ್ ಮಾಡಿ ಕೇಳಿದ್ಲು. ಅದು ಕರೆಂಟಿನ ಮ್ಯಾಲ ಅಲ್ಲಂತ, ಏನೋ ಥಂಡಿ ಗಾಳಿ ನೀರಾಗಿಸಿ ಟಾಕ್ಯಾಗ ತುಂಬಿರ್ತಾರಂತ. ಅದನ್ನ ಕೇಳಿದ ಮ್ಯಾಲೂ ಕರೆಂಟ್ ಹೋದಾಗೊಮ್ಮೆ ಹೊರಗ ಬಂದು ಚಿಂಚವಾಡದ ಕಡೆ ದೀಪ ಅದಾವೇನು ಅಂತ ನೋಡ್ತಿದ್ಲು.

ಮೂರು ತಿಂಗಳ ಮ್ಯಾಲ ಕರದ್ರು. ಮಾಧುರಿ ಹಸರು ಬಳಿ ಇಟಗೊಂಡು, ಇಳಕಲ್ ಸೀರಿ ಉಟಗೊಂಡು ಬಂದ್ಲು. ಮಾಂತು ಪಾಳಿ ತಪ್ಪಿಸಿ ಬಂದಿದ್ದ. ಕುಂತ್ವಿ, ಕುಂತ್ವಿ. ಕಡೀಕೆ ಡಾಕ್ಟರ್ ಬಾಯಿ ಒಳಗ ಕರದು, ಕಂಪ್ಯೂಟರ್ ನೋಡ್ಕೋತ ಏನೋ ಅಂದ್ಲು. ಮಂಜರಿ ಕನ್ನಡದಾಗ ಹೇಳಿದ್ಲು.

"ಹೆಪ್ಪು ಕರಗಿಸಿದಾಗ ಉಳೀಲಿಲ್ಲಂತ್ರಿ ಅಕ್ಕಾ. ಇದ್ದದ್ದು ಎರಡ. ಎರಡೂ ಹೋದ್ವು."

"ಎರಡ?" ಅಂದ ಮಾಂತು. "ಭಾಳ ಅದಾವ ಅಂದಿದ್ರಲ್ರಿ?"

ಡಾಕ್ಟರ್ ಬಾಯಿ ಗಂಟಿ ಒತ್ತಿ ಮುಂದಿನವರನ್ನ ಕರದ್ಲು.

ಹೊರಗ ಬಂದ ಕೂಡಲೆ ಮಾಧುರಿ ಗ್ವಾಡಿಗೆ ಆತು ಕುಸದು ಕುಂತ್ಲು. ಸಪ್ಪಳಿಲ್ಲದ ಅಳು. ಮಂಜರಿ ಓಡಿ ಬಂದು ಮಗ್ಗಲಕ್ಕ ಕುಂತು ಬೆನ್ನು ಸವರಿದ್ಲು. ಆ ಹುಡುಗಿಗೂ ಕೆಟ್ಟ ಅನಿಸಿತ್ತು, ಇಲ್ಲ ಅನ್ನೂದಿಲ್ಲ ನಾ. ಸಮಾಧಾನ ಮಾಡಾಕ ಹೋಗಿ ಬಾಯಿ ಬಿಟ್ಲು:

"ಅಳಬ್ಯಾಡ್ರಿ ಅಕ್ಕಾ. ನಿಮ್ಮ ಪುಣ್ಯ ಭಾಳ ದೊಡ್ಡದದ. ನಿಮ್ಮಿಂದ ಮೂರು ಮನೀ ತುಂಬ್ಯಾವ. ಒಬ್ಬಾಕೀ ಹೊಟ್ಟ್ಯಾಗ ಅವಳಿ ಅದಾವಂತ. ನಿಮಗ ಆಶೀರ್ವಾದ ಮಾಡ್ತಾರ ಅವರೆಲ್ಲಾ."

ಮಾಧುರಿ ಅಳು ನಿಂತಿತು.

"ಮೂರು ಮನೀ?"

ಮಂಜರಿ ಬಾಯಿ ಮುಚ್ಚಿಕೊಂಡ್ಲು. ಆದ್ರ ಆಡಿದ್ದು ಆಡಿಯಾಗಿತ್ತು.

"ಒಂದ ಹಿಡಿ ಅಂದಿದ್ದಿ ನೀ. ಮೂರು ಮನಿಗೆ ಹಂಚಿ ನನಗ ಎರಡ ಇಟ್ರಿ? ಅವರ ಮನ್ಯಾಗ ಎಲ್ಲಾ ನಿಂತಾವ, ನನ್ನವು ಮಾತ್ರ ಹ್ಯಾಂಗ ಸತ್ವು?"

ನಾ ಆ ಹುಡುಗಿ ರಟ್ಟಿ ಹಿಡಕೊಂಡೆ. "ಹೇಳು. ಬೈಲಹೊಂಗಲದಾಗ ನಿಮ್ಮ ಸ್ವಾದರತ್ತಿ ಖರೇನ ಇದ್ದಾಳೋ, ಅದೂ ಸುಳ್ಳೋ?"

"ಇದ್ದಾಳ್ರಿ ಅತ್ತಿ." ಕಣ್ಣಾಗ ನೀರು ಬಂದ್ವು ಆಕೀಗೆ. "ತಗದ ಬೀಜದಾಗ ಕೆಲವು ಬಲತಿರ್ತಾವ, ಕೆಲವು ಎಳೇವು. ರೊಕ್ಕ ಕಟ್ಟಿದವರಿಗೆ ಬಲತದ್ದೇ ಕೊಡಬೇಕಾಗ್ತದ. ಇಲ್ಲಾಂದ್ರ ಅವರು ಬ್ಯಾರೆ ದವಾಖಾನಿಗೆ ಹೋಗ್ತಾರ. ನನ್ನ ಕೈಯಾಗ ಏನದ್ರಿ?"

ಮಾಂತು ಎದ್ದವನೇ ಸೀದಾ ಡಾಕ್ಟರ್ ಬಾಯಿ ಖೋಲಿಗೆ ನುಗ್ಗಿದ. ನಾವು ಬೆನ್ನು ಹತ್ತಿದ್ವಿ. "ನನ್ನ ಹೆಂಡತಿ ಹೊಟ್ಟಿ ಅಂದ್ರ ನಿಮ್ಮ ಹೊಲಾ ಏನು? ಬೆಳಿ ನೀವು ಒಯ್ಯೂದು, ಕೂಳಿ ನಮಗ ಬಿಡೂದು?" ಅಂತ ಕನ್ನಡದಾಗೇ ಒದರಿದ.

ಡಾಕ್ಟರ್ ಬಾಯಿ ಕನ್ನಡಕ ತಗದು ಮಂಜರಿನ್ನ ನೋಡಿದ್ಲು. "ಕಾಯ ಮ್ಹಣತೋಯ ಹಾ?" ಏನಂತಾನ ಇಂವ ಅಂತ.

ಮಾಧುರಿ ಮುಂದ ಬಂದ್ಲು. ಮರಾಠ್ಯಾಗ ತಡವರಿಸ್ಕೋತ ಕೇಳಿದ್ಲು, ಒಂದ ಹಿಡಿ ಕೊಡು ಅಂದಿದ್ರಲ್ರಿ, ಅಷ್ಟಕ್ಕ ನಾ ಒಪ್ಪಿದ್ದು ಅಂತ. ತನ್ನ ಮುಷ್ಟಿ ಮುಂದ ಹಿಡದು ತೋರಿಸಿದ್ಲು.

ಆ ಬಾಯಿಗೆ ತಿಳೀಲಿಲ್ಲ. "ಹಿಡಿ, ಮುಠ್ಠಿ... ಇದೇನು? ಯಾರು ಹೇಳಿದ್ರು ಇವರಿಗೆ?" ಅಂತ ಮಂಜರಿನ್ನ ಕೇಳಿದ್ಲು. ಮಂಜರಿ ನೆಲಾ ನೋಡಿದ್ಲು. "ಕಾಹೀ ನಾಹೀ, ಮ್ಯಾಡಂ." ಏನೂ ಇಲ್ಲ ಅಂತ. ನಮ್ಮ ಉಡಿ, ನಮ್ಮ ಅಕ್ಕಿ, ನಮ್ಮ ಹತ್ತು ವರ್ಷ, ಆ ಖೋಲ್ಯಾಗ ಏನೂ ಇಲ್ಲ ಆತು.

ಆಮ್ಯಾಲ ಡಾಕ್ಟರ್ ಬಾಯಿ ಭಾಳ ಸಮಾಧಾನದಾಗ ಹೇಳಿದ್ಲು. ಯಾವುದು ಯಾರಿಗೆ ಅಂತ ನಿರ್ಧಾರ ಮಾಡೂದು ಡಾಕ್ಟರ್, ನೀವಲ್ಲ. ಸಹಿ ಮಾಡೀರಿ. ಪೊಲೀಸರ ಕಡೆ ಹೋಗ್ತೀರಿ? ಹೋಗ್ರಿ. ಹಿಂಗ ಬೀಜ ಕೊಟ್ಟು ಚಿಕಿತ್ಸಾ ತೊಗೊಳ್ಳೂದಕ್ಕ ಕಾಯ್ದೆದಾಗ ಜಾಗಾ ಇಲ್ಲ. ಕೊಟ್ಟಾಕಿ ಯಾರು? ನೀವು. ಮೊದಲು ನಿಮ್ಮ ಮ್ಯಾಲ ಕೇಸ್ ಆಗ್ತದ.

ಕೇಸ್ ಅನ್ನೂ ಮಾತಿಗೆ ಮಾಂತು ಕೈ ಕೆಳಗ ಬಿತ್ತು. ಠೇಕೇದಾರನ ಕೈಯಾಗಿನ ಕೆಲಸ ಅವಂದು. ಪೊಲೀಸ್ ಠಾಣೆಕ್ಕ ಒಮ್ಮೆ ಹೋದ್ರ ಮರುದಿನಾ ಗೇಟಿನ್ಯಾಗೇ ನಿಲ್ಲಸ್ತಾರ. ವಾಚಮನ್ ಬಂದು ತೋಳು ಹಿಡದಾಗ ಅವನ ಹಿಂದ ಹೊರಗ ಬಂದ.

ನಾ ಸುಮ್ನ ಕುಂಡ್ರಾಕಿ ಅಲ್ಲ. ಮರುದಿನಾ ಇಂದೂಬಾಯಾರ ಮನಿಗೆ ಹೋದೆ. ಅವರು ನಾಕು ಮಂದ್ಯಾಗ ಇರೋರು, ಇಂಗ್ಲಿಷ್ ಮಾತಾಡೋರು. ಅವರು ಹೋಗಿ ಕೇಳಿದ್ರ ಆ ಬಾಯಿ ಗಂಟಿ ಒತ್ತತಾಳೇನು? ನಡದದ್ದೆಲ್ಲಾ ಹೇಳಿದೆ. ಬಾಯಾರು ಕಣ್ಣೀರು ಹಾಕಿದ್ರು. "ಎಂಥಾ ಮಂದಿ! ಎಂಥಾ ಅನ್ಯಾಯ!" ಅಂದ್ರು.

"ನಡೀರಿ ಹಂಗಾರ, ಒಂದ ಮಾತು ಕೇಳೂಣು."

ಬಾಯಾರು ಸೆರಗಿನ ತುದಿ ಬೆರಳಿಗೆ ಸುತ್ತಲಿಕ್ಹತ್ತಿದ್ರು. "ಬಸವಣ್ಣೆವ್ವಾ, ನಮ್ಮ ಹುಡುಗೀವೂ ಅಲ್ಲೇ ಅದಾವ."

"ಅದಕ್ಕ ಅಂತೀನ್ರಿ. ನಿಮ್ಮ ಮಾತು ಕೇಳ್ತಾರ."

"ನಿನಗ ತಿಳೀವಲ್ದು. ನಾ ಜಗಳಾಡಿ ಬಂದ್ರ, ಅವ್ರು ಸಿಟ್ಟಿಗೆದ್ದು ಏನರೆ ಮಾಡಿದ್ರ? ಬದಲಿ ಮಾಡಿದ್ರ? ಒಳಗ ಹೋಗಿ ನೋಡೋರು ಯಾರು?"

"ಅಂದ್ರ ಅವರು ಕಳ್ಳರು ಅಂತ ನಿಮಗೂ ಗೊತ್ತದ."

"ಗೊತ್ತದ" ಅಂದ್ರು ಸಣ್ಣ ದನಿಲೇ. "ಗೊತ್ತಿದ್ದಕ್ಕೇ ಅಂಜಿಕಿ."

ನನ್ನ ಸಿಟ್ಟು ಅಲ್ಲೇ ಇಳದು ಹೋತು. ರೊಕ್ಕ ಇದ್ದಾಕೀನೂ ಅವರ ಟಾಕ್ಯಾಗ ಒತ್ತಿ ಬಿದ್ದಿದ್ಲು, ಇಲ್ಲದಾಕೀನೂ ಒತ್ತಿ ಬಿದ್ದಿದ್ಲು. ಆದ್ರೂ ಒಂದ ಫರಕ್ ಅದ. ಬಾಯಾರ ಮಗಳ ಬೀಜ ಇನ್ನಾ ಅಲ್ಲೇ ಅದಾವ ಅಂತ ನಂಬಿಕೊಂಡು ನಿದ್ದಿ ಮಾಡಬಹುದು. ನಮ್ಮ ಹುಡುಗೀಗೆ ಆ ಸುಖಾನೂ ಇಲ್ಲ.

ಬ್ಯಾರೆ ದಾರಿ ಹುಡುಕಲಿಲ್ಲ ಅಂತ ಅನಬ್ಯಾಡ್ರಿ. ಸರಕಾರಿ ದವಾಖಾನ್ಯಾಗ ಪಾಳಿ ಹಚ್ಚಿದ್ವಿ, ಈ ಚಿಕಿತ್ಸಾ ನಮ್ಮ ಕಡೆ ಇಲ್ಲ ಅಂದ್ರು. ಒಬ್ಬ ವಕೀಲನ್ನ ಕೇಳಿದ್ವಿ, ತೆಗೆದದ್ದು ಎಷ್ಟು ಅಂತ ನಿಮಗೇ ಗೊತ್ತಿಲ್ಲ, ಕಳುವಾದದ್ದು ಎಷ್ಟು ಅಂತ ನಾ ಏನು ಬರೀಲಿ ಅಂದ. ಮಾಂತು ರಾತ್ರಿ ಪಾಳಿ, ಹಗಲ ಪಾಳಿ ಎರಡೂ ಹಿಡದ. ಆ ದುಡಿಮಿ ಕೂಡಿ ಕೂಡಿ ಒಂದು ಚಿಕಿತ್ಸಾ ಆಗೂದ್ರಾಗ ಮಾಧುರಿ ತಲಿ ಬೆಳ್ಳಗಾಗಿರ್ತದ.

ಹಿಂಗಿರೂ ಮುಂದ ಮಂಜರಿ ಫೋನ್ ಬಂತು. ಸ್ಪೀಕರ್ ಹಚ್ಚಿದ್ಲು ಮಾಧುರಿ, ನಾ ರೊಟ್ಟಿ ಬಡೀಲಿಕ್ಹತ್ತಿದ್ದೆ.

"ಅಕ್ಕಾ, ಮೇಡಂ ನಿಮ್ಮ ಸಲುವಾಗಿ ಇನ್ನೊಮ್ಮೆ ಫುಕಟ ಮಾಡ್ತಾರಂತ. ಹಂಗೇ ಹಂಚಿಕೊಂಡ್ರ. ನಿಮ್ಮ ಬೀಜ ಭಾಳ ಚಲೋ ಅಂತ ಅವರೇ ಅಂದ್ರು."

ನನ್ನ ಕೈ ಹಿಟ್ಟಿನ್ಯಾಗೇ ಉಳೀತು. "ಇಡ ಫೋನ್!" ಅಂತ ಒದರಿದೆ. "ನಿಮ್ಮ ಬಾಯಾಗ ಮಣ್ಣ ಹಾಕಾ! ಮತ್ತ ಕಸಗೊಳ್ಳಾಕ ಕರೀತಾರ!"

ಮಾಧುರಿ ಫೋನ್ ಕಿವಿಗೆ ಹಚ್ಚಿಕೊಂಡು ಕೇಳಿದ್ಲು: "ಯಾವತ್ತ ಬರಬೇಕ್ರಿ?"

ಆವತ್ತ ನಾವು ಜಗಳಾಡಿದಷ್ಟು ಎಂದೂ ಆಡಿರಲಿಲ್ಲ. "ನಿನಗ ನಾಚಿಕಿ ಅನ್ನೂದು ಅದ ಇಲ್ಲೋ? ಸತ್ತು ಬದುಕೀದಿ. ಮತ್ತ ಹೋಗಿ ಅವರ ಮುಂದ ಮಲಗ್ತೀ?"

"ಮಲಗ್ತೀನಿ."

"ಯಾಕ?"

"ಬ್ಯಾರೆ ಎಲ್ಲಿ ಮಲಗಲಿ ಹೇಳ ಚಿಗವ್ವಾ!" ಆಕಿ ಒದರಿದ್ದು ಅದೇ ಮೊದಲು. "ನನ್ನ ನಳಿ ಮುಚ್ಯಾವ. ವಯಸ್ಸು ಓಡಲಿಕ್ಹತ್ತೇದ. ಇವತ್ತಿನ ಬೀಜ ನಾಳೆ ಇರೂದಿಲ್ಲ. ರೊಕ್ಕ ಇದ್ರ ಒಳ್ಳೆಯವರ ಕಡೆ ಹೋಗ್ತಿದ್ದೆ. ಇಲ್ಲ. ನನ್ನ ಕೂಸಿನ ದಾರಿ ಇರೂದು ಆ ಕಳ್ಳರ ಮನ್ಯಾಗ ಒಂದ. ಅವರು ಎಲ್ಲಾ ಕಸಗೊಂಡು ಕಡೀಕೆ ಒಂದು ಬಿಟ್ರೂ ಸಾಕು ನನಗ."

ನಾ ಒಲಿ ಆರಿಸಿ ಕೈ ತೊಳಕೊಂಡೆ.

ಹೋದ್ವಿ. ಮಾಂತು ಪಾಳಿ ಮ್ಯಾಲ ಇದ್ದ, ನಾವಿಬ್ರೇ. ದವಾಖಾನಿ ಹಾಲ್‌ನಾಗ ಎರಡು ನಮೂನಿ ಕುಂಡ್ರೂ ಜಾಗಾ. ರೊಕ್ಕ ಕಟ್ಟೋರಿಗೆ ಮೆತ್ತನ ಸೋಫಾ. ಸ್ಕೀಮಿನವರಿಗೆ ಗ್ವಾಡಿ ಕಡೆ ಕಬ್ಬಿಣದ ಕುರ್ಚಿ. ಅವತ್ತ ಕಬ್ಬಿಣದ ಕುರ್ಚಿ ತುಂಬಿದ್ವು. ಕಾರಖಾನಿ ಹೆಣಮಕ್ಕಳು, ಮನಿಗೆಲಸದವರು. ಎಲ್ಲಾರೂ ತಮ್ಮ ತಮ್ಮ ಚೀಲ ತೊಡಿ ಮ್ಯಾಲ ಇಟಗೊಂಡು ಕುಂತಿದ್ರು.

ಮಾಧುರಿ ಬಾಜೂದಾಕೀಗೆ ಮರಾಠ್ಯಾಗ ಕೇಳಿದ್ಲು: "ನಿಮಗ ಏನ್ ಹೇಳ್ಯಾರ?"

ಆಕಿ ಅಂಜಿಕೋತ ಹೇಳಿದ್ಲು, "ಸಂಕ್ರಾಂತಿಗೆ ಹಳದಿ ಕುಂಕುಮಕ್ಕ ಕರದು ಮುತ್ತೈದೇರಿಗೆ ವಾಣ ಅಂತ ಕಾಣಿಕಿ ಕೊಡ್ತೀವಲ್ಲ, ಹಂಗ ಅಂದ್ರು. ಒಂದಿಷ್ಟು ವಾಣ ಕೊಡು, ಉಳದದ್ದು ನಿಂದು ಅಂತ."

ಆಚೆ ಕುರ್ಚಿ ಮ್ಯಾಲಿನ ಬುರಖಾದ ಹೆಣಮಗಳು ತಲಿ ಎತ್ತಿದ್ಲು. "ನನಗ ಜಕಾತ್ ಇದ್ದಂಗ ಅಂದ್ರು. ದುಡದದ್ರಾಗ ಒಂದು ಪಾಲು ಇಲ್ಲದವರಿಗೆ."

ಮಾಧುರಿ ನನ್ನ ಮಾರಿ ನೋಡಿದ್ಲು. ಒಬ್ಬೊಬ್ಬರಿಗೆ ಅವರವರ ಮನೀ ಮಾತಿನ್ಯಾಗ, ಅವರವರ ದೇವರ ಹೆಸರಿನ್ಯಾಗ! ಇಂಥಾ ಕಲಿತ ಕಳ್ಳರನ್ನ ನಾ ಜನ್ಮದಾಗ ಕಂಡಿರಲಿಲ್ಲ.

ಮಾಧುರಿ ಎದ್ದು ನಿಂತ್ಲು. ತನಗ ಆದದ್ದು ಎಲ್ಲಾರಿಗೂ ಕೇಳೂವಂಗ ಹೇಳಿದ್ಲು. ಸೋಫಾ ಮ್ಯಾಲಿನವರು ಮೊಬೈಲಿನ್ಯಾಗ ಮಾರಿ ಮುಚ್ಚಿಕೊಂಡ್ರು. ಕಬ್ಬಿಣದ ಕುರ್ಚಿಯವರು ಉಸಿರು ಹಿಡದು ಕೇಳಿದ್ರು.

ಮಂಜರಿ ಒಳಗಿಂದ ಬಂದ್ಲು. "ಮಾಧುರಿ ಅಕ್ಕಾ, ಬರ್ರಿ."

"ಇಲ್ಲೇ ಹೇಳು. ಇವರ ಮುಂದ. ನನಗೆಷ್ಟು, ಅವರಿಗೆಷ್ಟು?"

"ಒಳಗ ಬರ್ರಿ, ಮಾತಾಡೂಣು."

"ಇಲ್ಲೇ."

ವಾಣದ ಹೆಣಮಗಳು ಎದ್ಲು. "ಆಮ್ಹಾಲಾ ಪಣ ಸಾಂಗಾ." ನಮಗೂ ಹೇಳ್ರಿ ಅಂತ. ಬುರಖಾದಾಕಿ ಎದ್ಲು. ಮತ್ತೊಬ್ಬಾಕಿ ಎದ್ಲು. ಇಡೀ ಗ್ವಾಡೀನೇ ಎದ್ದಂಗಾತು. ಆತು, ಇವತ್ತ ಈ ಕಳ್ಳರ ಆಟ ಮುಗೀತು, ಅನಕೊಂಡೆ.

ಸಪ್ಪಳಕ್ಕ ಡಾಕ್ಟರ್ ಬಾಯಿ ಬಾಗಿಲಕ್ಕ ಬಂದ್ಲು. ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಮರಾಠ್ಯಾಗ ಇಷ್ಟ ಅಂದ್ಲು: "ಯಾರಿಗೆ ಬ್ಯಾಡೋ ಅವರು ಮನಿಗೆ ಹೋಗ್ರಿ. ಕಾಯೋರು ಭಾಳ ಮಂದಿ ಇದ್ದಾರ."

ಬುರಖಾದಾಕಿ ಮೊದಲು ಕುಂತ್ಲು. ಆಮ್ಯಾಲ ಮತ್ತೊಬ್ಬಾಕಿ. ವಾಣದಾಕಿ ನಮ್ಮ ಮಾರಿ ನೋಡಲಾರದ ತಲಿ ತಗ್ಗಿಸಿ ಕುಂತ್ಲು. ಯಾರನ್ನ ಬೈಯಲಿ ನಾ? ಅವರ ಹೊಟ್ಟ್ಯಾಗಿನ ಸಂಕಟ ನನಗ ಗೊತ್ತಿರಲಿಲ್ಲೇನು? ಡಾಕ್ಟರ್ ಬಾಯಿ ಒಳಗ ಹೋದ್ಲು. ಮಂಜರಿ ಬಾಗಿಲ ಹಿಡಕೊಂಡು ನಿಂತಿದ್ಲು.

ಮಾಧುರಿ ಒಬ್ಬಾಕೀನೇ ನಿಂತಿದ್ಲು. ಚೀಲ ನನ್ನ ಕೈಯಾಗ ಕೊಟ್ಲು. ನಡದು ಬಾಗಿಲ ತನಕ ಹೋಗಿ, ತಿರುಗಿ, ನನಗ ಕನ್ನಡದಾಗ ಹೇಳಿದ್ಲು:

"ಈ ಸಲ ಬೀಜ ತಗದು ಎಚ್ಚರಾದ ಕೂಡಲೆ ಎಣಿಸಿ ಕೇಳ್ತೀನಿ ಚಿಗವ್ವಾ. ಸುಳ್ಳು ಹೇಳ್ತಾರ, ಗೊತ್ತದ. ಆದ್ರೂ ಕೇಳ್ತೀನಿ."

ಬಾಗಿಲು ಮುಚ್ಚಿತು. ವಾಣದ ಹೆಣಮಗಳು ನನ್ನ ಕಡೆ ಬಗ್ಗಿದ್ಲು. "ಹೋಗೂ ಮುಂದ ಆಕಿ ಏನಂದ್ಲು ಮಾವಶಿ?" ಅಂತ ಮರಾಠ್ಯಾಗ ಕೇಳಿದ್ಲು.

ನಾ ಮರಾಠ್ಯಾಗ ಹೇಳಿದೆ. ಆಕಿ ತನ್ನ ಮಗ್ಗಲದಾಕೀಗೆ ಹೇಳಿದ್ಲು.